ಕಲಬುರಗಿ, ಭೀಮ, ಭೀಮ: 5ಎನ್‌ಎನ್ ಕಿವಿಗೆ ಬೀಳುವ ಬಗೆ

ಹ್ಯಾಮ್ ರೇಡಿಯೋದಲ್ಲಿ, ಅಂದರೆ ಹವ್ಯಾಸಿಗಳ ರೇಡಿಯೋ ಸಂಪರ್ಕದಲ್ಲಿ, ಇಬ್ಬರು ಮೋರ್ಸ್ ಕೀ ಒತ್ತಿ (ಚಿಕ್ಕ, ಉದ್ದ ಸದ್ದುಗಳ ಸಂಕೇತದಲ್ಲಿ) ಮಾತಿಗೆ ಕೂತಾಗ ಹೆಸರು, ಊರು ಹೇಳುವುದಕ್ಕೂ ಮೊದಲು ಮೂರು ಅಂಕಿ ಕೊಟ್ಟು ತಗೊಳ್ಳುತ್ತಾರೆ. ನಿಮ್ಮ ಸಿಗ್ನಲ್ ನನಗೆ ಹೇಗೆ ಕೇಳುತ್ತಿದೆ ಎಂಬ ವರದಿ ಅದು. 599 ಎಂದರೆ ಉತ್ತಮ, 339 ಎಂದರೆ ಕಷ್ಟ. ಯಾವ ಅಂಕಿಗೆ ಏನರ್ಥ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಲು ಹತ್ತು ನಿಮಿಷ ಸಾಕು. ಆದರೆ ಹೊಸಬರಲ್ಲಿ ಹೆಚ್ಚಿನವರು ಪಟ್ಟಿ ಕಲಿತೂ ಎಲ್ಲರಿಗೂ 599 ಹಂಚುತ್ತಾರೆ. ಅದರಿಂದ ನಷ್ಟ ಎದುರಿನವರಿಗೆ. ನೀವು 339 ಎಂದಿದ್ದರೆ ಅವರು ವೇಗ ತಗ್ಗಿಸುತ್ತಿದ್ದರು, ಪ್ರತಿ ಪದವನ್ನೂ ಎರಡು ಸಲ ಕಳಿಸುತ್ತಿದ್ದರು. 599 ಎಂದು ಹೇಳಿ, ಆಮೇಲೆ "ಹೆಸರು ಮತ್ತೊಮ್ಮೆ ಹೇಳಿ, ಊರು ಮತ್ತೊಮ್ಮೆ ಹೇಳಿ" ಎಂದು ಕೇಳಿದರೆ ಅವರು ಏನೆಂದುಕೊಳ್ಳಬೇಕು?

ಕೇಳಲು ಬೇಕಾದದ್ದು

ಮೋರ್ಸ್ ಸಿಗ್ನಲ್‌ನಲ್ಲಿ ಧ್ವನಿಯೇ ಇರುವುದಿಲ್ಲ. ಇರುವುದು ಹಚ್ಚಿ ಆರಿಸುವ ಬರಿಯ ಅಲೆ. ಸಾಮಾನ್ಯ ಎಎಂ ರೇಡಿಯೋದಲ್ಲಿ ಅದು ಬಂದಾಗ ಹಿನ್ನೆಲೆಯ ಸದ್ದು ಒಂದಿಷ್ಟು ಅಡಗಿ ಎದ್ದಂತಾಗುತ್ತದೆ, ಅಷ್ಟೆ. ಪೀಪಿಯಂತೆ ಕೇಳಬೇಕಾದರೆ ಸಿಡಬ್ಲ್ಯು (ಮೋರ್ಸ್‌ಗೆಂದೇ ಇರುವ ಮೋಡ್) ಅಥವಾ ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತಿಗೆ ಬಳಸುವ ಮೋಡ್) ಇರುವ ಶಾರ್ಟ್‌ವೇವ್ ಸೆಟ್ ಬೇಕು. ಮಾಳಿಗೆ ಮೇಲೆ ಹತ್ತು ಮೀಟರ್ ತಂತಿ ಎಳೆದರೆ ಕೇಳುವುದಕ್ಕೆ ಧಾರಾಳವಾಯಿತು. ಕರೆಂಟಿನ ತಂತಿಯ ಮೇಲಾಗಲಿ ಕೆಳಗಾಗಲಿ ಅದು ಹಾಯಬಾರದು. ಗುಡುಗಿನ ಲಕ್ಷಣ ಕಂಡರೆ ಮೊದಲೇ ರೇಡಿಯೋದಿಂದ ಬಿಚ್ಚಿ ಹೊರಗೆ ಹಾಕಬೇಕು, ಗುಡುಗು ಶುರುವಾದಮೇಲೆ ಅದನ್ನು ಮುಟ್ಟಬಾರದು.

ಮೋರ್ಸ್ ಮಂದಿ ಬ್ಯಾಂಡಿನ (ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ಆವರ್ತನಗಳ ಸಾಲಿನ) ಕೆಳತುದಿಯಲ್ಲಿ ಇರುತ್ತಾರೆ. 7.000ದಿಂದ 7.040 ಮೆಗಾಹರ್ಟ್ಸ್‌ವರೆಗೆ ಸಂಜೆಯಿಂದ ಬೆಳಗಿನವರೆಗೆ ಹುಡುಕಿ, 14.000ದಿಂದ 14.070ರವರೆಗೆ ಹಗಲು ಮತ್ತು ಸಂಜೆ. ಸೆಟ್ಟಿನಲ್ಲಿ ಸಿಡಬ್ಲ್ಯು ಮೋಡ್ ಇಲ್ಲದಿದ್ದರೆ ಯುಎಸ್‌ಬಿಗೆ (ಎಸ್‌ಎಸ್‌ಬಿಯ ಒಂದು ಬಗೆ, ಕಂಪ್ಯೂಟರಿನ ಯುಎಸ್‌ಬಿ ಅಲ್ಲ) ಹಾಕಿ, ಸ್ಟೇಷನ್ನಿನ ಆವರ್ತನಕ್ಕಿಂತ 0.7 ಕಿಲೋಹರ್ಟ್ಸ್ ಕೆಳಗೆ ನಿಲ್ಲಿಸಿ. 14.100ರ ಸ್ಟೇಷನ್ ಬೇಕೆಂದರೆ ಡಯಲ್ 14.0993ರಲ್ಲಿರಲಿ, 700 ಹರ್ಟ್ಸ್‌ನ ನಾದ ಬರುತ್ತದೆ. ಸರಿಯಾಗಿ 14.100ಕ್ಕೇ ನಿಲ್ಲಿಸಿ "ಏನೂ ಕೇಳಿಸುವುದಿಲ್ಲ" ಎನ್ನುವವರು ಬಹಳ. ಅಲ್ಲಿ ನಾದದ ಆವರ್ತನ ಸೊನ್ನೆಯಾಗಿರುತ್ತದೆ, ಕೇಳುವುದಾದರೂ ಹೇಗೆ?

ಮೂರು ಅಂಕಿಯ ಒಳಗೆ

ಈ ಕ್ರಮಕ್ಕೆ ಆರ್‌ಎಸ್‌ಟಿ ಎಂದು ಹೆಸರು. 1934ರಲ್ಲಿ ಅಮೆರಿಕದ ಹ್ಯಾಮ್ ಆರ್ಥರ್ ಬ್ರಾಟೆನ್ ಇದನ್ನು ರೂಪಿಸಿದರು. ಮೊದಲ ಅಂಕಿ ಆರ್, ಅಂದರೆ ಸ್ಪಷ್ಟತೆ, 1ರಿಂದ 5. ಎರಡನೆಯದು ಎಸ್, ಬಲ, 1ರಿಂದ 9. ಮೂರನೆಯದು ಟಿ, ಟೋನ್, ಇದೂ 1ರಿಂದ 9. ಧ್ವನಿಯಲ್ಲಿ ಮಾತಾಡುವಾಗ ಟೋನ್ ಬಿಟ್ಟು ಎರಡೇ ಅಂಕಿ ಹೇಳುತ್ತಾರೆ, "ಫೈವ್ ನೈನ್" ಎಂದು.

ಸ್ಪಷ್ಟತೆಯನ್ನು ನಿಮ್ಮ ಕೈಯಲ್ಲಿರುವ ಹಾಳೆಯೇ ಹೇಳುತ್ತದೆ. ಕೇಳಿದ್ದೆಲ್ಲ ತಡೆಯಿಲ್ಲದೆ ಬರೆದಿದ್ದರೆ 5. ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಿದರೂ ಓದಿಕೊಂಡು ತುಂಬಿಸಬಲ್ಲಿರಾದರೆ 4. ತಿಣುಕಿ ಬರೆದು, ಮತ್ತೊಮ್ಮೆ ಕೇಳದೆ ಸಾಗದಿದ್ದರೆ 3. ಅಲ್ಲಲ್ಲಿ ಒಂದೊಂದು ಪದ ಮಾತ್ರ ಸಿಕ್ಕಿದರೆ 2. ಯಾರೋ ಇದ್ದಾರೆ ಎಂಬುದಷ್ಟೇ ಗೊತ್ತಾದರೆ 1.

ಬಲವನ್ನು ಎಸ್-ಮೀಟರ್ (ಸೆಟ್ಟಿನ ಮೇಲೆ ಸಿಗ್ನಲ್ ಬಲ ತೋರಿಸುವ ಮುಳ್ಳು) ನೋಡಿ ಹೇಳುವುದು ರೂಢಿ. ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ಎಸ್9 ಎಂದರೆ 50 ಓಮ್ ಇನ್‌ಪುಟ್‌ನಲ್ಲಿ 50 ಮೈಕ್ರೋವೋಲ್ಟ್. ಅಲ್ಲಿಂದ ಕೆಳಗೆ ಒಂದೊಂದು ಮೆಟ್ಟಿಲಿಗೂ 6 ಡೆಸಿಬೆಲ್. 6 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. 100 ವ್ಯಾಟ್‌ನಲ್ಲಿ ಎಸ್9 ಕೊಟ್ಟವರು 25 ವ್ಯಾಟ್‌ಗೆ ಇಳಿದರೆ ಎಸ್8, ಸುಮಾರು 6 ವ್ಯಾಟ್‌ಗೆ ಇಳಿದರೆ ಎಸ್7. ಇಷ್ಟೆಲ್ಲ ಪುಸ್ತಕದ ಲೆಕ್ಕ. ಅಗ್ಗದ ಸೆಟ್ಟುಗಳ ಮೀಟರ್ ಈ ಲೆಕ್ಕಕ್ಕೆ ಬದ್ಧವಾಗಿರುವುದಿಲ್ಲ, ಪ್ರೀಆಂಪ್ (ಬಂದ ಸಿಗ್ನಲ್ಲನ್ನು ಮೊದಲೇ ಹಿಗ್ಗಿಸುವ ಭಾಗ) ಹಾಕಿದರಂತೂ ಮುಳ್ಳು ಸುಮ್ಮನೆ ಮೇಲೇರುತ್ತದೆ. ವರದಿ ಕೊಡುವಾಗ ಪ್ರೀಆಂಪ್ ಆರಿಸಿ ಓದಿ.

ಬಲ ಮತ್ತು ಸ್ಪಷ್ಟತೆ ಜೊತೆಜೊತೆಗೇ ಏರಿಳಿಯುತ್ತವೆ ಎಂದು ತಿಳಿಯುವುದು ದೊಡ್ಡ ತಪ್ಪು. ಖಾಲಿ ಆವರ್ತನದಲ್ಲಿ ಹಿನ್ನೆಲೆಯ ಸದ್ದು ಎಸ್1 ಇದ್ದು ಸ್ಟೇಷನ್ ಎಸ್4ರಲ್ಲಿ ಬಂದರೆ 549 ಎನ್ನಬಹುದು, ಒಂದಕ್ಷರವೂ ತಪ್ಪುವುದಿಲ್ಲ. ಅದೇ ಊರೊಳಗೆ ಸದ್ದೇ ಎಸ್7 ಇರುವಾಗ ಎಸ್7ರ ಸ್ಟೇಷನ್ ಬಂದರೆ 379 ಆದೀತು, 279ಕ್ಕೂ ಇಳಿದೀತು. ಆಗ ಮಾಡಬೇಕಾದದ್ದು ಫಿಲ್ಟರ್ ಕಿರಿದುಗೊಳಿಸುವುದು. 2.4 ಕಿಲೋಹರ್ಟ್ಸ್‌ನಿಂದ 500 ಹರ್ಟ್ಸ್‌ಗೆ ಬಂದರೆ ಸದ್ದು ಸುಮಾರು 7 ಡೆಸಿಬೆಲ್ ತಗ್ಗುತ್ತದೆ. ಸಿಗ್ನಲ್ ಮಾತ್ರ ಇದ್ದಷ್ಟೇ ಇರುತ್ತದೆ, ಸ್ಪಷ್ಟತೆ 3ರಿಂದ 4ಕ್ಕೆ ಬಂದು ನಿಲ್ಲುತ್ತದೆ.

ಛಂದಸ್ಸು ಓದಿದವರಿಗೊಂದು ಅನುಕೂಲ

ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಮೋರ್ಸ್ ಪೂರ್ತಿ ಹೊಸದಲ್ಲ. ಚಿಕ್ಕದು ಡಿಟ್, ಉದ್ದದ್ದು ಡಾ. ಲಘು, ಗುರು ಅಂತಲೇ ಹಿಡಿಯಿರಿ. "ಯಮಾತಾರಾಜಭಾನಸಲಗಂ" ನೆನಪಿದೆಯಲ್ಲ? ಆ ಎಂಟು ಗಣಗಳೇ ಮೋರ್ಸ್‌ನಲ್ಲಿ ಮೂರು ಸದ್ದಿನ ಎಂಟು ಇಂಗ್ಲಿಷ್ ಅಕ್ಷರಗಳು. ಯಗಣ ಡಬ್ಲ್ಯು, ಮಗಣ ಓ, ತಗಣ ಜಿ, ರಗಣ ಕೆ, ಜಗಣ ಆರ್, ಭಗಣ ಡಿ, ನಗಣ ಎಸ್, ಸಗಣ ಯು. ಒಂದೂ ಉಳಿಯುವುದಿಲ್ಲ, ಒಂದೂ ಕಡಿಮೆ ಬೀಳುವುದಿಲ್ಲ.

ನಮ್ಮ ಕಡೆಯ ಊರುಗಳಿಗೆ ಪ್ರಸ್ತಾರ ಹಾಕಿದರೆ ಇನ್ನೂ ಮಜಾ. ಕ-ಲ-ಬು-ರ-ಗಿ ಐದಕ್ಕೆ ಐದೂ ಲಘು: · · · · · ಅಂಕಿ 5. ಯಾದಗಿರಿ – · · · ಅಕ್ಷರ ಬಿ. ಬೀದರ್ – – ಎಂ. ಬೀದರ ಎಂದು ಸ್ವರ ಸೇರಿಸಿ ಅಂದರೆ – · · ಡಿ. ಶಹಾಬಾದ್ · – – ಡಬ್ಲ್ಯು. ಆಳಂದ – – · ಜಿ. ಶಹಾಪುರ · – · · ಎಲ್. ಮಳಖೇಡ · · – · ಎಫ್. ಚಿತ್ತಾಪುರ – – · · ಝಡ್. ಸುರಪುರ · · · · ಎಚ್. ಗುರುಮಠಕಲ್ · · · · – ಅಂಕಿ 4. ಭೀಮ – · ಎನ್.

ಜರ್ಮನಿಯ ಕೋಕ್ ಹಾಕಿಕೊಟ್ಟ ಕಲಿಕೆಯ ವಿಧಾನಕ್ಕೆ ಈಗ ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಮೊದಲು ಬರುವ ಐದು ಅಕ್ಷರ ಕೆ, ಎಂ, ಆರ್, ಎಸ್, ಯು. ರಾಯಚೂರ್, ಬೀದರ್, ಜವಾರಿ, ತೊಗರಿ, ಬಸವಾ ಎಂದು ಒಂದೊಂದಾಗಿ ಬಾಯಲ್ಲಿ ಅಂದು ನೋಡಿ, ಐದೂ ಬಂದವು. ಕೆ ಮತ್ತು ಎಂ ಎರಡರಿಂದ ಆರಂಭಿಸಿ. ನೂರರಲ್ಲಿ ತೊಂಬತ್ತು ಸರಿ ಬಂದಮೇಲೆ ಮೂರನೆಯದನ್ನು ಸೇರಿಸಿ, ಹೀಗೇ ಮುಂದಕ್ಕೆ. ದಿನಕ್ಕೆ ಎರಡು ಸಲ ಕಾಲುಗಂಟೆ ಕೂರುವುದು ವಾರಕ್ಕೊಮ್ಮೆ ಮೂರು ತಾಸು ಕೂರುವುದಕ್ಕಿಂತ ಮೇಲು.

ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು, ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸ್‌ನ ಡಾಗೆ ಮೂರು. ಕನ್ನಡದ ಕಿವಿಯ ಮಾತು ಕೇಳಿ ಕೈ ಎರಡಕ್ಕೇ ಕೀ ಬಿಟ್ಟುಬಿಡುತ್ತದೆ, ಆಗ ವೇಗದಲ್ಲಿ ಎನ್ ಹೋಗಿ ಐ ಆದಂತೆ ಕೇಳುತ್ತದೆ. ಒಂದು ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಡುವಿನ ಮೂರನ್ನು ನುಂಗಿದರೆ ಎ (· –) ಮತ್ತು ಎನ್ (– ·) ಕೂಡಿಕೊಂಡು ಪಿ (· – – ·) ಆಗುತ್ತದೆ. ಒಂದು ಮಾತ್ರೆ ಎಷ್ಟು ಎಂಬುದಕ್ಕೆ 1200 ಮಿಲಿಸೆಕೆಂಡನ್ನು ನಿಮಿಷದ ಪದಗಳಿಂದ ಭಾಗಿಸಿ: 12 ಪದದ ವೇಗಕ್ಕೆ 100 ಮಿಲಿಸೆಕೆಂಡ್, 20ಕ್ಕೆ 60.

ಎರಡನೆಯದು, ಊರಿನ ಹೆಸರು ಊರುಗೋಲು ಮಾತ್ರ. ಸದ್ದು ಕೇಳಿ, ಊರು ನೆನೆದು, ಆಮೇಲೆ ಅಕ್ಷರ ಬರೆಯುವವರು ನಿಮಿಷಕ್ಕೆ ಎಂಟು ಹತ್ತು ಪದದ ಹತ್ತಿರ ಬಂದು ನಿಂತುಬಿಡುತ್ತಾರೆ. ಅದಕ್ಕೇ ಮೊದಲ ದಿನದಿಂದಲೂ ಅಕ್ಷರವನ್ನು 20 ಪದದ ವೇಗದಲ್ಲೇ ಕೇಳಿ, ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿಕೊಳ್ಳಿ. ಮೋರ್ಸ್ ಕಲಿಸುವ ಆ್ಯಪ್‌ಗಳಲ್ಲಿ ಇದಕ್ಕೆ ಫಾರ್ನ್ಸ್‌ವರ್ತ್ ಎಂಬ ಹೆಸರಿನ ಸೆಟ್ಟಿಂಗ್ ಇರುತ್ತದೆ. ತೊಗರಿ ಎಂಬ ಪದ ಉದುರಿ ಹೋಗಿ ಎಸ್ ನೇರವಾಗಿ ಕೈಗಿಳಿಯಬೇಕು.

599 ಏಕೆ 5ಎನ್‌ಎನ್ ಆಯಿತು

9ರ ಮೋರ್ಸ್ – – – – ·. ಲೆಕ್ಕ ಹಾಕಿದರೆ 17 ಮಾತ್ರೆ. ಎನ್‌ಗೆ ಐದೇ. 599 ಪೂರ್ತಿ ಕಳಿಸಿದರೆ ಅಕ್ಷರಗಳ ನಡುವಿನ ಬಿಡುವೂ ಸೇರಿ 49 ಮಾತ್ರೆ, 5ಎನ್‌ಎನ್ ಎಂದರೆ 25. ಅರ್ಧಕ್ಕರ್ಧ ಉಳಿತಾಯ. ಹಾಗಾಗಿ 9ಕ್ಕೆ ಎನ್, 0ಗೆ ಟಿ, 1ಕ್ಕೆ ಎ ಎಂದು ಮೊಟಕು ಮಾಡುವುದು ಬಳಕೆಗೆ ಬಂತು. ಕಿವಿಗೆ ಅದು "ಕಲಬುರಗಿ, ಭೀಮ, ಭೀಮ" ಎಂದೇ ಬೀಳುತ್ತದೆ. ಸ್ಪರ್ಧೆಗಳಲ್ಲಿ 5ಎನ್‌ಎನ್ ಆದಮೇಲೆ ಟಿಟಿ7 ಎಂದು ಬಂದರೆ ಅದು ಏಳನೆಯ ಸಂಪರ್ಕದ ಸಂಖ್ಯೆ, 007.

ಸ್ಪರ್ಧೆಯ 5ಎನ್‌ಎನ್ ನಮಸ್ಕಾರವಿದ್ದಂತೆ, ಅದನ್ನು ವರದಿ ಎಂದು ನಂಬಬೇಡಿ. ನಿಮಗೆ ಯಾರಾದರೂ 5ಎನ್‌ಎನ್ ಕೊಟ್ಟು ಹಿಂದೆಯೇ ನಿಮ್ಮ ಕಾಲ್‌ಸೈನ್ (ಪರವಾನಗಿಯ ಜೊತೆ ಸಿಗುವ ಗುರುತಿನ ಹೆಸರು) ಮೂರು ಸಲ ಕೇಳಿದರೆ ನಿಮ್ಮ ಸಿಗ್ನಲ್ ಅವರಿಗೆ ಚೆನ್ನಾಗಿ ಕೇಳುತ್ತಿಲ್ಲ ಎಂದೇ ಅರ್ಥ.

ಸಾಮಾನ್ಯ ಮಾತುಕತೆಯ ಸರಣಿ ಹೀಗೆ. ಮೊದಲು "ಸಿಕ್ಯೂ ಸಿಕ್ಯೂ ಡಿಇ", ಆಮೇಲೆ ಅವರ ಕಾಲ್‌ಸೈನ್, ಕೊನೆಗೆ ಕೆ. ಸಿಕ್ಯೂ ಎಂದರೆ ಯಾರಾದರೂ ಬನ್ನಿ, ಡಿಇ ಎಂದರೆ ಇಂಥವರಿಂದ, ಕೆ ಎಂದರೆ ನೀವು ಕಳಿಸಿ. ಕಾಲ್‌ಸೈನ್ ವಿಯು2 ಅಥವಾ ವಿಯು3 ಎಂದು ಶುರುವಾದರೆ ನಮ್ಮ ದೇಶದವರು. ಉತ್ತರ ಬಂದಮೇಲೆ "ಆರ್‌ಎಸ್‌ಟಿ 569 569", ಗೆರೆ ಎಳೆದಂತೆ ಬಿಟಿ (– · · · –), "ಕ್ಯೂಟಿಎಚ್ ಕಲಬುರಗಿ" ಎಂದು ಊರು, ಮತ್ತೆ ಬಿಟಿ, ಹೆಸರು. ವರದಿಯನ್ನೂ ಊರನ್ನೂ ಎರಡು ಸಲ ಕಳಿಸುವುದು ವಾಡಿಕೆ. ಮುಗಿಸುವಾಗ 73, ಶುಭಾಶಯ ಎಂದು. ವೇಗ ಹೆಚ್ಚೆನಿಸಿದರೆ ನಾಚದೆ "ಕ್ಯೂಆರ್‌ಎಸ್" ಕಳಿಸಿ, ಯಾರೂ ಬೇಸರಪಡುವುದಿಲ್ಲ. ಸಿಗ್ನಲ್ ಏರಿ ಇಳಿಯುತ್ತಿದ್ದರೆ ವರದಿಯ ಜೊತೆ "ಕ್ಯೂಎಸ್‌ಬಿ" ಸೇರಿಸಿ. 7 ಮತ್ತು 3ರ ನಡುವೆ ತೂಗಾಡುವ ಸಿಗ್ನಲ್‌ಗೆ ಒಂದೇ ಅಂಕಿ ಕೊಟ್ಟರೆ ಅರ್ಧ ಸುಳ್ಳಾಗುತ್ತದೆ.

ಪರವಾನಗಿ ಇಲ್ಲದೆಯೂ ಆಗುವ ಅಭ್ಯಾಸ

ಕೀ ಒತ್ತಿ ಸಿಗ್ನಲ್ ಹೊರಗೆ ಬಿಡಬೇಕೆಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ, ಪರವಾನಗಿ, ಕಾಲ್‌ಸೈನ್ ಮೂರೂ ಆಗಿರಬೇಕು. ಅಷ್ಟರೊಳಗೆ ವರದಿ ಕೊಡುವುದನ್ನು ಕಲಿಯಲು ಅಂತರರಾಷ್ಟ್ರೀಯ ಬೀಕನ್‌ಗಳಿವೆ, ಅಂದರೆ ತಾವಾಗಿಯೇ ಸಿಗ್ನಲ್ ಬಿಡುವ ಸ್ಟೇಷನ್ನುಗಳು. ಜಗತ್ತಿನ 18 ಕಡೆಯಿಂದ, 14.100 ಮೆಗಾಹರ್ಟ್ಸ್‌ನಲ್ಲಿ, ಸರದಿಯ ಮೇಲೆ ತಲಾ 10 ಸೆಕೆಂಡ್ ಮೋರ್ಸ್ ಬರುತ್ತದೆ. ಮೂರು ನಿಮಿಷಕ್ಕೆ ಒಂದು ಸುತ್ತು.

ನಮಗೆ ಹತ್ತಿರದ್ದು ಶ್ರೀಲಂಕಾದ 4ಎಸ್7ಬಿ. ಕಲಬುರಗಿಯಿಂದ ಸುಮಾರು 1,200 ಕಿಲೋಮೀಟರ್. ಸುತ್ತು ಶುರುವಾಗಿ 1 ನಿಮಿಷ 30 ಸೆಕೆಂಡಿಗೆ ಅದರ ಸರದಿ. ಗಂಟೆ ಹೊಡೆದು 1:30, 4:30, 7:30, ಹೀಗೆ. ನಮ್ಮ ಗಡಿಯಾರಕ್ಕೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇರುವ ಐದೂವರೆ ತಾಸಿನ ವ್ಯತ್ಯಾಸ ಮೂರು ನಿಮಿಷಕ್ಕೆ ಸರಿಯಾಗಿ ಭಾಗವಾಗುವುದರಿಂದ ಮನೆಯ ಗಡಿಯಾರವನ್ನೇ ನೋಡಬಹುದು, ಸೆಕೆಂಡಿನವರೆಗೆ ಸರಿ ಇದ್ದರಾಯಿತು. ಕಿವಿಗೆ ಬೀಳುವುದು: ಗುರುಮಠಕಲ್, ತೊಗರಿ, ಚಿತ್ತಾಪುರದ, ಯಾದಗಿರಿ. ಚಿತ್ತಾಪುರಕ್ಕೆ ಒಂದು "ದ" ಹತ್ತಿತೆಂದರೆ – – · · · ಆಗಿ ಅಂಕಿ 7. ಆಮೇಲಿನ 1:40ಕ್ಕೆ ದಕ್ಷಿಣ ಆಫ್ರಿಕಾ, 1:50ಕ್ಕೆ ಕೆನ್ಯಾ. ಒಮ್ಮೊಮ್ಮೆ ಯಾವುದಾದರೂ ಬೀಕನ್ ಕೆಟ್ಟು ಕೂತಿರುತ್ತದೆ. ಒಂದು ಸಿಗದಿದ್ದರೆ ನಿಮ್ಮ ಸೆಟ್ಟನ್ನು ಬಿಚ್ಚಲು ಹೋಗಬೇಡಿ.

ಕಾಲ್‌ಸೈನ್ ಬಂದಮೇಲೆ ಒಂದೊಂದು ಸೆಕೆಂಡಿನ ನಾಲ್ಕು ಉದ್ದ ಗೆರೆ ಬರುತ್ತವೆ. ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ನಾಲ್ಕನೆಯದು 0.1. ಒಂದೊಂದಕ್ಕೂ 10 ಡೆಸಿಬೆಲ್ ಇಳಿಕೆ. ಮೊದಲ ಗೆರೆ ಎಸ್7 ತೋರಿಸಿದರೆ ಎರಡನೆಯದು ಎಸ್5ಕ್ಕಿಂತ ತುಸು ಮೇಲೆ, ಮೂರನೆಯದು ಎಸ್3 ದಾಟಿ, ನಾಲ್ಕನೆಯದು ಎಸ್2ರಲ್ಲಿ ಇರಬೇಕು. ನಿಮ್ಮ ಮೀಟರ್ 7, 6, 6, 5 ಎಂದು ತೋರಿಸಿತೇ? ಒಂದೋ ಸದ್ದನ್ನೇ ಅಳೆಯುತ್ತಿದೆ, ಇಲ್ಲವೇ ಮೆಟ್ಟಿಲುಗಳು ಸುಳ್ಳು. ಸುಮಾರು ಇಪ್ಪತ್ತು ಸರದಿ ಬರೆದಿಟ್ಟರೆ ನಿಮ್ಮ ಸೆಟ್ಟಿನ ಎಸ್5 ನಿಜಕ್ಕೂ ಎಷ್ಟು ಎಂಬ ಅಂದಾಜು ಸಿಗುತ್ತದೆ. ಪ್ರತಿ ಸಾಲಿಗೂ ಆರ್ ಮತ್ತು ಟಿ ಕೂಡ ಬರೆಯಿರಿ.

ಸದ್ದು ಎಲ್ಲಿಯದು, ದೋಷ ಯಾರದು

ಎದುರಿನವರಿಗೆ ಕಡಿಮೆ ಅಂಕಿ ಕೊಡುವ ಮುನ್ನ ನಿಮ್ಮ ಮನೆ ಪರೀಕ್ಷಿಸಿ. ನಮ್ಮಲ್ಲಿ ಕರೆಂಟ್ ಹೋಗುವುದನ್ನು ಬೈಯುವವರೇ ಎಲ್ಲ, ರೇಡಿಯೋದವರಿಗೆ ಅದು ಉಚಿತ ಪರೀಕ್ಷೆ. ಸೆಟ್ಟನ್ನು ಬ್ಯಾಟರಿಯಲ್ಲಿ ಇಟ್ಟಿರಿ. ಓಣಿಯ ಕರೆಂಟ್ ಹೋದಕೂಡಲೇ ಎಸ್7ರ ಸದ್ದು ಎಸ್2ಕ್ಕೆ ಬಿದ್ದರೆ ಮೂಲ ಓಣಿಯಲ್ಲಿದೆ. ಕರೆಂಟ್ ಇರುವಾಗ ನಿಮ್ಮ ಮನೆಯ ಮೇನ್ ಮಾತ್ರ ಇಳಿಸಿ ನೋಡಿ: ಸದ್ದು ಬಿದ್ದರೆ ನಿಮ್ಮದೇ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಅಥವಾ ಇನ್ವರ್ಟರ್. ಬೀಳದಿದ್ದರೆ ನೆರೆಮನೆ, ಬೇಳೆ ಮಿಲ್ಲು, ಕಂಬದ ಮೇಲಿನ ಸಡಿಲ ಜೋಡಣೆ. ಹೊಲದ ಹತ್ತಿರ ಸೆಕೆಂಡಿಗೊಂದರಂತೆ ಟಕ್ ಟಕ್ ಕೇಳಿದರೆ ಅದು ಸೋಲಾರ್ ಬೇಲಿ, ಹಂದಿಗೆಂದು ಹಾಕಿದ್ದು. ಏಪ್ರಿಲ್, ಮೇನಲ್ಲಿ ಚರ್ ಚರ್ ಎಂದು ಸಿಡಿಯುವುದು ದೂರದ ಸಿಡಿಲು. ಇದಕ್ಕೆ "ಕ್ಯೂಆರ್‌ಎನ್" ಎನ್ನಿ. ಬೇರೆ ಸ್ಟೇಷನ್ ಮೇಲೆ ಬಂದು ಬಿದ್ದರೆ "ಕ್ಯೂಆರ್‌ಎಂ".

ಟೋನ್ ಈಗಿನ ಸೆಟ್ಟುಗಳಲ್ಲಿ ಸದಾ 9, ಅದಕ್ಕೇ ಅದನ್ನು ಕಿವಿಗೊಟ್ಟು ಕೇಳುವವರೇ ಇಲ್ಲ. ಆದರೆ ಮನೆಯಲ್ಲಿ ಕಟ್ಟಿದ ಟ್ರಾನ್ಸ್‌ಮಿಟರ್, ಹಳೆಯ ಪವರ್ ಸಪ್ಲೈ ಇರುವ ಕಡೆ ಇದೇ ಅಂಕಿ ಉಪಕಾರಿ. ನಾದದ ಒಳಗೆ ಗುಂಯ್ ಎಂಬ ಒರಟುತನ ಇದ್ದರೆ 5, 6 ಕೊಡಿ. ನಮ್ಮ 50 ಹರ್ಟ್ಸ್ ಕರೆಂಟಿನ ಎರಡರಷ್ಟು, ಅಂದರೆ 100 ಹರ್ಟ್ಸ್‌ನ ಏರಿಳಿತ ಸರಿಯಾಗಿ ಸೋಸಿಲ್ಲ ಎಂದರ್ಥ. ಬಹುಪಾಲು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿರುತ್ತದೆ; 42 ಡಿಗ್ರಿಯ ಬಿಸಿಲಿನಲ್ಲಿ ಕಾದ ಮಾಳಿಗೆ ಕೋಣೆಯಲ್ಲಿ ಅದು ಬೇಗ ಸಾಯುತ್ತದೆ, ತಲೆ ಉಬ್ಬಿದ್ದು ಕಣ್ಣಿಗೇ ಕಾಣುತ್ತದೆ. ಎಲ್ಲ ಸ್ಟೇಷನ್ನುಗಳಲ್ಲೂ ಅದೇ ಗುಂಯ್ ಕೇಳಿದರೆ ಮಾತ್ರ ದೋಷ ನಿಮ್ಮ ಸೆಟ್ಟಿನದು.

ಕೀ ಒತ್ತಿದಾಗ ನಾದ "ಪಿಯೂ" ಎಂದು ಜಾರಿದರೆ ಅಂಕಿಯ ಕೊನೆಗೆ ಸಿ ಸೇರಿಸಿ, 578ಸಿ ಎಂದು. ಇದಕ್ಕೆ ಚರ್ಪ್ ಎನ್ನುತ್ತಾರೆ. ಒತ್ತಿದ ಕ್ಷಣ ವೋಲ್ಟೇಜ್ ಕುಸಿದು ಆಸಿಲೇಟರ್ (ಆವರ್ತನ ಹುಟ್ಟಿಸುವ ಭಾಗ) ಸರಿಯುವುದು ಇದಕ್ಕೆ ಸಾಮಾನ್ಯ ಕಾರಣ. ತಂತಿಯ ದಪ್ಪ ನೋಡಿ: 100 ವ್ಯಾಟ್ ಸೆಟ್ 20 ಆಂಪಿಯರ್ ಎಳೆಯುವಾಗ 3 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಂತಿ ಹಾಕಿದ್ದರೆ ಹೋಗಿಬರುವ ದಾರಿಯಲ್ಲೇ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ, 2.5 ಹಾಕಿದರೆ 0.9. ಇನ್ವರ್ಟರ್ ಬ್ಯಾಟರಿ ಮೊದಲೇ 12.2ಕ್ಕೆ ಇಳಿದಿದ್ದರೆ ಸೆಟ್‌ಗೆ ತಲುಪುವುದು 11ಕ್ಕಿಂತ ಕಡಿಮೆ. ಇನ್ನು, ಪ್ರತಿ ಡಿಟ್‌ನ ಅಂಚಿನಲ್ಲಿ ಟಿಕ್ ಎಂಬ ಸದ್ದು ಅಕ್ಕಪಕ್ಕದ ಆವರ್ತನಕ್ಕೂ ಹರಡಿದರೆ ಕೆ ಸೇರಿಸಿ, ಕೀ ಕ್ಲಿಕ್ ಎಂದು.

ಕೈ ಪಳಗಿಸಲು ಒಂದು 555

ಕಳಿಸುವ ಅಭ್ಯಾಸಕ್ಕೆ 555 ಎಂಬ ಟೈಮರ್ ಐಸಿಯ ಪೀಪಿ ಸಾಕು. 9 ವೋಲ್ಟ್ ಬ್ಯಾಟರಿಯ ಪ್ಲಸ್ ಅನ್ನು 8ನೇ ಕಾಲಿಗೆ, ಮೈನಸ್ ಅನ್ನು 1ನೇ ಕಾಲಿಗೆ ಕೊಡಿ. 8 ಮತ್ತು 7ರ ನಡುವೆ 10 ಕಿಲೋಓಮ್, 7 ಮತ್ತು 6ರ ನಡುವೆ 100 ಕಿಲೋಓಮ್. 6 ಮತ್ತು 2ನ್ನು ಒಟ್ಟಿಗೆ ಜೋಡಿಸಿ, ಅಲ್ಲಿಂದ ಮೈನಸ್‌ಗೆ 0.01 ಮೈಕ್ರೋಫ್ಯಾರಡ್. 5ರಿಂದ ಮೈನಸ್‌ಗೂ ಅಂಥದೇ ಇನ್ನೊಂದು. 3ನೇ ಕಾಲಿನಿಂದ 10 ಮೈಕ್ರೋಫ್ಯಾರಡ್ ಮತ್ತು 100 ಓಮ್ ಸಾಲಾಗಿ ದಾಟಿ ಚಿಕ್ಕ 8 ಓಮ್ ಸ್ಪೀಕರಿಗೆ. ಆ ಕೆಪ್ಯಾಸಿಟರಿನ ಪ್ಲಸ್ ಐಸಿಯ ಕಡೆಗಿರಲಿ, ಸ್ಪೀಕರಿನ ಇನ್ನೊಂದು ತಂತಿ ಮೈನಸ್‌ಗೆ. 4ನೇ ಕಾಲಿನಿಂದ ಮೈನಸ್‌ಗೆ 10 ಕಿಲೋಓಮ್, ಅದೇ ಕಾಲಿಗೂ ಪ್ಲಸ್‌ಗೂ ನಡುವೆ ಕೀ. ನಾದ ಸುಮಾರು 685 ಹರ್ಟ್ಸ್ ಬರುತ್ತದೆ.

ಕೀ ಒತ್ತದೆಯೇ ಕೂಗುತ್ತಿದ್ದರೆ 4ನೇ ಕಾಲಿನ 10 ಕಿಲೋಓಮ್ ಕೂತಿಲ್ಲ. ಕೂಗೇ ಇಲ್ಲದಿದ್ದರೆ 6 ಮತ್ತು 7 ಅದಲು ಬದಲಾಗಿದೆಯೇ ನೋಡಿ, ಹೆಚ್ಚಾಗಿ ಅದೇ. ಕೀಯ ತುದಿಗಳ ಅಂತರ ಸುಮಾರು 1 ಮಿಲಿಮೀಟರ್ ಇರಲಿ, ಅದಕ್ಕಿಂತ ಹೆಚ್ಚಾದರೆ ಕೈ ಬೇಗ ಸೋಲುತ್ತದೆ. ಕಳಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ನೀವೇ ಕೇಳಿ ಬರೆದುಕೊಳ್ಳಿ. ನಿಮ್ಮದೇ ಕೈಬರಹಕ್ಕೆ ನೀವೇ ಆರ್ 3 ಕೊಡುವ ಸಂದರ್ಭ ಬರುತ್ತದೆ.

ಲಾಗ್ ಪುಸ್ತಕದಲ್ಲಿ ತಾರೀಖು, ಸಮಯ, ಆವರ್ತನ, ಕಾಲ್‌ಸೈನ್, ಕೊಟ್ಟ ವರದಿ, ಪಡೆದ ವರದಿ ಪ್ರತ್ಯೇಕ ಕಾಲಂನಲ್ಲಿರಲಿ. ಸಮಯ ಯುಟಿಸಿಯಲ್ಲಿ ಬರೆಯುವುದು. ಇಲ್ಲಿ ಮಾತ್ರ ಐದೂವರೆ ತಾಸು ಕಳೆಯಲೇಬೇಕು, ಬೆಳಗಿನ 5:30ರ ಒಳಗೆ ಕೇಳಿದ್ದಾದರೆ ತಾರೀಖೂ ಹಿಂದಿನ ದಿನದ್ದು.